ಬಿಸಿಯಾದರೆ ನೀರಿನ ನಂಟು ಬಿಡುವ ಕಸಿ ಪಾಲಿಮರ್‌ಗಳು

ನೂರು ಮಿಲಿಲೀಟರ್ ತಣ್ಣೀರಿಗೆ ಪಿನಿಪ್ಯಾಮ್ ಎಂಬ ಪಾಲಿಮರಿನ ಒಂದು ಗ್ರಾಂ ಪುಡಿಯನ್ನು ಹಾಕಿ, ಆಗಾಗ ಕಲಕಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಟ್ಟರೆ ಬೆಳಗ್ಗೆ ಸಿಗುವುದು ಕುಡಿಯುವ ನೀರಿನಷ್ಟೇ ತಿಳಿಯಾದ ದ್ರಾವಣ. ಅದನ್ನು ಗಾಜಿನ ಪ್ರನಾಳಕ್ಕೆ ಸುರಿದು, ಮೈಗೆ ಹಿತವಾಗುವಷ್ಟು ಬೆಚ್ಚಗಿರುವ ನೀರಿನಲ್ಲಿ ಇಳಿಬಿಟ್ಟರೆ, ಮೊದಲು ಗಾಜಿನ ಅಂಚಿನಲ್ಲಿ ನಸುನೀಲಿ ಛಾಯೆಯ ಮಬ್ಬು ಕಾಣಿಸಿಕೊಳ್ಳುತ್ತದೆ. ಆ ಮಬ್ಬು ನಡುವಿಗೆ ಹರಡಿ, ನೋಡುತ್ತಿದ್ದಂತೆಯೇ ಇಡೀ ಪ್ರನಾಳ ಹಾಲಿನಂತೆ ಬೆಳ್ಳಗಾಗುತ್ತದೆ. ಹೊರಗೆ ತೆಗೆದು ತಣ್ಣೀರಿನಲ್ಲಿ ಅದ್ದಿದರೆ ಬಿಳುಪೆಲ್ಲ ಕರಗಿ ದ್ರಾವಣ ಮತ್ತೆ ತಿಳಿಯಾಗುತ್ತದೆ. ಹತ್ತು ಸಲ ಹೀಗೆ ಮಾಡಿದರೂ ಹತ್ತು ಸಲವೂ ಇದೇ ನಡೆಯುತ್ತದೆ. ಬೆಂದ ಮೊಟ್ಟೆಯ ಬಿಳಿಭಾಗ ತಣ್ಣಗಾದರೂ ಹಸಿಯ ಸ್ಥಿತಿಗೆ ಮರಳುವುದಿಲ್ಲ. ಈ ಪಾಲಿಮರ್ ಮಾತ್ರ ಬಂದ ದಾರಿಯಲ್ಲೇ ಮರಳುತ್ತದೆ.

ಪಿನಿಪ್ಯಾಮ್ ಎಂಬುದು ಪ್ರಯೋಗಾಲಯದ ಚುಟುಕು ಹೆಸರು. ಪೂರ್ಣ ಹೆಸರು ಪಾಲಿ-ಎನ್-ಐಸೊಪ್ರೊಪೈಲ್‌ಅಕ್ರಿಲಮೈಡ್. ನೀರಿನಲ್ಲಿ ಇದರ ವರ್ತನೆಯನ್ನು ಹೆಸ್ಕಿನ್ಸ್ ಮತ್ತು ಗಿಲೆಟ್ ಎಂಬ ಇಬ್ಬರು ವಿಜ್ಞಾನಿಗಳು 1968ರಲ್ಲಿ ವಿವರವಾಗಿ ವರದಿ ಮಾಡಿದರು. ಸುಮಾರು 32 ಡಿಗ್ರಿ ಸೆಲ್ಸಿಯಸ್‌ವರೆಗೆ ಇದು ನೀರಿನಲ್ಲಿ ಕರಗಿರುತ್ತದೆ, ಅದರಾಚೆಗೆ ನೀರಿನಿಂದ ಬೇರ್ಪಡುತ್ತದೆ. ಮನುಷ್ಯನ ಮೈಶಾಖ 37 ಡಿಗ್ರಿ, ಕೋಣೆಯ ಉಷ್ಣತೆ 25ರ ಆಸುಪಾಸು; ಇವೆರಡರ ನಡುವೆ ಈ ಗಡಿ ಬಿದ್ದಿರುವುದರಿಂದಲೇ ವೈದ್ಯಕೀಯ ಸಂಶೋಧಕರು ಅರ್ಧ ಶತಮಾನದಿಂದ ಈ ವಸ್ತುವಿನ ಬೆನ್ನು ಬಿಟ್ಟಿಲ್ಲ. ಇಲ್ಲಿ ನಾನು ಮುಖ್ಯವಾಗಿ ಹೇಳಹೊರಟಿರುವುದು ಈ ಪಾಲಿಮರನ್ನು ಇನ್ನೊಂದಕ್ಕೆ ಕಸಿ ಕಟ್ಟಿದಾಗ ಏನಾಗುತ್ತದೆ ಎಂಬುದನ್ನು. ಆದರೆ ಕಸಿಯ ವಿಷಯಕ್ಕೆ ಬರುವ ಮೊದಲು, ಬಿಸಿಯಾದಾಗ ಕರಗುವುದರ ಬದಲು ಬೇರ್ಪಡುವ ಈ ತಲೆಕೆಳಗಾದ ನಡತೆಯ ಕಾರಣ ತಿಳಿದಿರಬೇಕು.

ಸಕ್ಕರೆಯಾಗಲಿ ಬೆಲ್ಲವಾಗಲಿ ಬಿಸಿನೀರಿನಲ್ಲಿ ಬೇಗ ಕರಗುತ್ತದೆ, ಹೆಚ್ಚು ಕರಗುತ್ತದೆ ಎಂಬುದು ಅಡುಗೆಮನೆಯ ಅನುಭವ. ಇದಕ್ಕೆ ಅಪವಾದಗಳೂ ಇವೆ. ಸುಣ್ಣ ತಣ್ಣೀರಿನಲ್ಲಿ ಕರಗುವಷ್ಟು ಬಿಸಿನೀರಿನಲ್ಲಿ ಕರಗುವುದಿಲ್ಲ; ತಿಳಿಸುಣ್ಣದ ನೀರನ್ನು ಕಾಯಿಸಿದರೆ ಅದು ಮಬ್ಬಾಗುತ್ತದೆ. ಪಿನಿಪ್ಯಾಮಿನ ಕಥೆ ಸುಣ್ಣದ್ದಕ್ಕಿಂತ ಬೇರೆಯಾದರೂ, ಬಿಸಿ ಮಾಡಿದರೆ ಕರಗುವಿಕೆ ಹೆಚ್ಚಲೇಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪಾಲಿಮರ್ ಎಂದರೆ ಪುಟ್ಟ ಅಣುಗಳು ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ಉದ್ದನೆಯ ಸರಪಳಿ. ಪಿನಿಪ್ಯಾಮ್ ಸರಪಳಿಯ ಪ್ರತಿಯೊಂದು ಕೊಂಡಿಗೂ ಎರಡು ಮುಖಗಳಿವೆ. ಒಂದು ಅಮೈಡ್ ಗುಂಪು. ಇದರ ಆಮ್ಲಜನಕವೂ ಸಾರಜನಕಕ್ಕೆ ಅಂಟಿದ ಜಲಜನಕವೂ ನೀರಿನ ಅಣುಗಳೊಂದಿಗೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಇನ್ನೊಂದು ಐಸೊಪ್ರೊಪೈಲ್ ಗುಂಪು. ಎಣ್ಣೆಯ ಜಾತಿಗೆ ಸೇರಿದ ಇದಕ್ಕೆ ನೀರಿನೊಂದಿಗೆ ಅಂಥ ಬಂಧ ಸಾಧ್ಯವಿಲ್ಲ. ಇಂಥ ಗುಂಪುಗಳನ್ನು ನಾವು ಜಲವಿರೋಧಿ ಎಂದು ಕರೆಯುವ ರೂಢಿಯಿದೆ, ಆದರೆ ಆ ಮಾತು ನಿಜವಾದ ಕಾರಣವನ್ನು ಮರೆಮಾಡುತ್ತದೆ ಎಂದು ನನಗನ್ನಿಸುತ್ತದೆ. ಎಣ್ಣೆಗೆ ನೀರಿನ ಮೇಲೆ ದ್ವೇಷವೇನಿಲ್ಲ. ನೀರಿನ ಅಣುಗಳಿಗೆ ತಮ್ಮತಮ್ಮೊಳಗಿನ ಬಂಧಗಳೇ ಮುಖ್ಯ, ಮತ್ತು ಬಂಧ ಕಟ್ಟಲಾರದ ಗುಂಪೊಂದು ನಡುವೆ ಬಂದಾಗ ಆ ಬಂಧಗಳನ್ನು ಉಳಿಸಿಕೊಳ್ಳಲು ಅವು ಅದರ ಸುತ್ತ ಕೆಲವೇ ದಿಕ್ಕುಗಳಿಗೆ ಮುಖಮಾಡಿ ನಿಲ್ಲಬೇಕಾಗುತ್ತದೆ. ಹೀಗೆ ನಿಲ್ಲುವುದರಲ್ಲಿ ಅವುಗಳ ಚಲನೆಯ ಸ್ವಾತಂತ್ರ್ಯ ಕಡಿಮೆಯಾಗುತ್ತದೆ. ಭೌತಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ನೀರಿನ ಎಂಟ್ರೊಪಿ ಇಳಿಯುತ್ತದೆ.

ಈಗ ಲೆಕ್ಕ ಹೀಗಾಗುತ್ತದೆ. ಅಮೈಡ್ ಗುಂಪು ನೀರಿನೊಂದಿಗೆ ಬಂಧ ಕಟ್ಟಿದ್ದರಿಂದ ಶಕ್ತಿಯಲ್ಲಿ ಲಾಭ, ಐಸೊಪ್ರೊಪೈಲ್ ಗುಂಪಿನ ಸುತ್ತ ನೀರು ಶಿಸ್ತಿನಲ್ಲಿ ನಿಂತದ್ದರಿಂದ ಎಂಟ್ರೊಪಿಯಲ್ಲಿ ನಷ್ಟ. ಉಷ್ಣಬಲವಿಜ್ಞಾನದ ನಿಯಮದಂತೆ ಈ ಎರಡನೆಯ ನಷ್ಟವನ್ನು ತಾಪಮಾನದಿಂದ ಗುಣಿಸಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ತಣ್ಣಗಿರುವಾಗ ಗುಣಕ ಚಿಕ್ಕದು, ಲಾಭ ಮೇಲುಗೈ ಪಡೆಯುತ್ತದೆ, ಪಾಲಿಮರ್ ಕರಗಿರುತ್ತದೆ. ಬಿಸಿಯೇರಿದಂತೆ ಗುಣಕ ಬೆಳೆದು ನಷ್ಟ ಲಾಭವನ್ನು ಮೀರುವ ಒಂದು ಘಟ್ಟ ಬರುತ್ತದೆ. ಆಗ ಐಸೊಪ್ರೊಪೈಲ್ ಗುಂಪುಗಳು ಒಂದರ ಪಕ್ಕ ಒಂದು ಸೇರಿಕೊಂಡು, ತಮ್ಮ ಸುತ್ತ ಕಟ್ಟುಬಿದ್ದಿದ್ದ ನೀರಿನ ಅಣುಗಳನ್ನು ಬಿಡುಗಡೆ ಮಾಡುತ್ತವೆ. ಶಾಖವನ್ನು ಅಳೆಯುವ ಸೂಕ್ಷ್ಮ ಕ್ಯಾಲೊರಿಮಾಪಕದಲ್ಲಿ ಈ ಬದಲಾವಣೆ ಶಾಖ ಹೀರುವ ಒಂದು ಚೂಪಾದ ಶಿಖರವಾಗಿ ಕಾಣುತ್ತದೆ, ಏಕೆಂದರೆ ಕಟ್ಟಿದ್ದ ಬಂಧಗಳನ್ನು ಮುರಿಯಲು ಶಾಖ ಬೇಕು. ದ್ರಾವಣದಲ್ಲಿ ಪಾಲಿಮರಿನ ಪ್ರಮಾಣವನ್ನು ಬದಲಾಯಿಸುತ್ತ ಈ ಗಡಿಯನ್ನು ನಕ್ಷೆಯ ಮೇಲೆ ಗುರುತಿಸಿದಾಗ ಸಿಗುವ ಅತ್ಯಂತ ಕೆಳಗಿನ ಬಿಂದುವಿಗೆ ಕೆಳ ನಿರ್ಣಾಯಕ ದ್ರಾವಣ ತಾಪಮಾನ ಎಂದು ಹೆಸರು. ಬಳಕೆಯಲ್ಲಿರುವುದು ಎಲ್‌ಸಿಎಸ್‌ಟಿ ಎಂಬ ಸಂಕ್ಷೇಪ.

ಕಣ್ಣಿಗೆ ಕಾಣುವ ಬಿಳುಪಿನ ಹಿಂದೆ ಎರಡು ಬೇರೆ ಬೇರೆ ಘಟನೆಗಳಿವೆ. ಮೊದಲು ನೀರಿನಲ್ಲಿ ಸಡಿಲ ಸುರುಳಿಯಾಗಿ ಹರಡಿಕೊಂಡಿದ್ದ ಒಂದೊಂದು ಸರಪಳಿಯೂ ಮುದುಡಿ ಉಂಡೆಯಾಗುತ್ತದೆ. ಅನಂತರ ಉಂಡೆಗಳು ಒಂದಕ್ಕೊಂದು ಅಂಟಿ ಬೆಳಕನ್ನು ಚದುರಿಸುವಷ್ಟು ದೊಡ್ಡ ಮುದ್ದೆಗಳಾಗುತ್ತವೆ. ಸಾಮಾನ್ಯ ದ್ರಾವಣದಲ್ಲಿ ಎರಡೂ ಒಟ್ಟಿಗೆ ನಡೆಯುವುದರಿಂದ ಮೊದಲನೆಯದನ್ನು ಮಾತ್ರ ಪ್ರತ್ಯೇಕಿಸಿ ನೋಡುವುದು ಬಹಳ ಕಷ್ಟ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದಲ್ಲಿದ್ದ ಚಿ ವು ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ಅತ್ಯಂತ ತೆಳುವಾದ ದ್ರಾವಣಗಳನ್ನು ಬಳಸಿ, ಬಿಡಿ ಸರಪಳಿ ಉಂಡೆಯಾಗುವುದನ್ನೂ ಮತ್ತೆ ಬಿಚ್ಚಿಕೊಳ್ಳುವುದನ್ನೂ ಲೇಸರ್ ಬೆಳಕಿನ ಚದುರುವಿಕೆಯಿಂದ ಅಳೆದರು. ಪೂರ್ತಿ ಮುದುಡಿದ ಉಂಡೆಯ ಗಾತ್ರದಲ್ಲೂ ಸುಮಾರು ಮೂರನೇ ಎರಡರಷ್ಟು ನೀರೇ ಇರುತ್ತದೆಂದು ಅವರ ಅಳತೆಗಳು ತೋರಿಸಿದವು. ಬೇರ್ಪಡುವಿಕೆ ಎಂದಾಗ ನಾವು ಊಹಿಸುವ ಒಣ ಗಟ್ಟಿ ಕಣದ ಚಿತ್ರವನ್ನು ಇಲ್ಲಿಗೇ ಕೈಬಿಡುವುದು ಒಳ್ಳೆಯದು.

ಇನ್ನು ಕಸಿಯ ವಿಷಯ. ಎರಡು ಬಗೆಯ ಕೊಂಡಿಗಳನ್ನು ಒಂದೇ ಪಾಲಿಮರಿನಲ್ಲಿ ಸೇರಿಸಬೇಕಾದರೆ ಅತ್ಯಂತ ಸುಲಭದ ದಾರಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೆರೆಸಿ ಸರಪಳಿ ಬೆಳೆಸುವುದು. ಆಗ ಬಿಳಿ ಮತ್ತು ಕೆಂಪು ಮಣಿಗಳನ್ನು ಕಣ್ಣುಮುಚ್ಚಿ ಪೋಣಿಸಿದ ಸರದಂತೆ ಎರಡೂ ಬಗೆಯ ಕೊಂಡಿಗಳು ಗೊತ್ತುಗುರಿಯಿಲ್ಲದೆ ಬೆರೆತಿರುತ್ತವೆ. ಕಸಿ ಪಾಲಿಮರ್ ಹಾಗಲ್ಲ. ಅದರಲ್ಲಿ ಒಂದು ಬಗೆಯ ಉದ್ದ ಸರಪಳಿ ಕಾಂಡವಾಗಿರುತ್ತದೆ, ಇನ್ನೊಂದು ಬಗೆಯ ಗಿಡ್ಡ ಸರಪಳಿಗಳು ಅಲ್ಲಲ್ಲಿ ಕೊಂಬೆಗಳಾಗಿ ಅಂಟಿಕೊಂಡಿರುತ್ತವೆ. ಕಸಿ ಎಂಬ ನಮ್ಮ ತೋಟಗಾರಿಕೆಯ ಮಾತು ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ವಾಟೆಯಿಂದ ಎದ್ದ ನಾಟಿ ಮಾವಿನ ಸಸಿಗೆ ಬಾದಾಮಿಯ ಕಡ್ಡಿಯನ್ನು ಕಟ್ಟಿದಾಗ ಹುಟ್ಟುವ ಮರ ಅರ್ಧ ನಾಟಿ ಅರ್ಧ ಬಾದಾಮಿಯ ಹಣ್ಣು ಕೊಡುವುದಿಲ್ಲ. ಬೇರು ನಾಟಿಯದಾಗಿಯೇ ಉಳಿಯುತ್ತದೆ, ಹಣ್ಣು ಬಾದಾಮಿಯದಾಗಿಯೇ ಉಳಿಯುತ್ತದೆ. ಕಸಿ ಪಾಲಿಮರಿನ ಕಾಂಡವೂ ಕೊಂಬೆಗಳೂ ಬಹುಮಟ್ಟಿಗೆ ಹೀಗೆಯೇ ತಂತಮ್ಮ ಸ್ವಭಾವವನ್ನು ಉಳಿಸಿಕೊಳ್ಳುತ್ತವೆ.

ಇದು ಬರಿಯ ಹೋಲಿಕೆಯಲ್ಲ ಎಂಬುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಗುವೊಹುವಾ ಚೆನ್ ಮತ್ತು ಅಲನ್ ಹಾಫ್‌ಮನ್ 1995ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ತೋರಿಸಿಕೊಟ್ಟಿತು. ಆಮ್ಲತೆಗೂ ತಾಪಮಾನಕ್ಕೂ ಎರಡಕ್ಕೂ ಸ್ಪಂದಿಸುವ ಪಾಲಿಮರ್ ಅವರಿಗೆ ಬೇಕಾಗಿತ್ತು. ಅಕ್ರಿಲಿಕ್ ಆಮ್ಲದ ಕೊಂಡಿಗಳನ್ನು ಪಿನಿಪ್ಯಾಮಿನ ಕೊಂಡಿಗಳೊಂದಿಗೆ ಬೆರೆಸಿ ಪೋಣಿಸಿದರೆ ತೊಂದರೆಯೊಂದು ಎದುರಾಗುತ್ತದೆ: ದೇಹದ ದ್ರವಗಳಂಥ ತಟಸ್ಥ ನೀರಿನಲ್ಲಿ ಆಮ್ಲದ ಕೊಂಡಿಗಳು ಪ್ರೋಟಾನ್ ಕಳೆದುಕೊಂಡು ವಿದ್ಯುದಾವೇಶ ಪಡೆಯುತ್ತವೆ, ನೀರನ್ನು ಬಲವಾಗಿ ಹಿಡಿದುಕೊಳ್ಳುತ್ತವೆ, ಒಂದನ್ನೊಂದು ದೂರ ತಳ್ಳುತ್ತವೆ. ಸರಪಳಿಯ ಉದ್ದಕ್ಕೂ ಇವು ಹರಡಿಕೊಂಡಿರುವುದರಿಂದ ಐಸೊಪ್ರೊಪೈಲ್ ಗುಂಪುಗಳು ಒಟ್ಟಾಗಲು ಎಡೆಯೇ ಸಿಗುವುದಿಲ್ಲ. ಆಮ್ಲದ ಪ್ರಮಾಣ ಒಂದು ಮಿತಿ ದಾಟಿದರೆ ಎಷ್ಟು ಬಿಸಿ ಮಾಡಿದರೂ ದ್ರಾವಣ ತಿಳಿಯಾಗಿಯೇ ಇರುತ್ತದೆ. ಚೆನ್ ಮತ್ತು ಹಾಫ್‌ಮನ್ ಒಂದು ತುದಿಯಲ್ಲಿ ಅಮೈನ್ ಗುಂಪಿರುವ ಗಿಡ್ಡ ಪಿನಿಪ್ಯಾಮ್ ಸರಪಳಿಗಳನ್ನು ಮೊದಲೇ ತಯಾರಿಸಿಕೊಂಡು, ಅವನ್ನು ಪಾಲಿಅಕ್ರಿಲಿಕ್ ಆಮ್ಲದ ಕಾಂಡಕ್ಕೆ ಅಂಟಿಸಿದರು. ಈ ಕಸಿಯಲ್ಲಿ ಕಾಂಡ ಆಮ್ಲತೆಗೆ ಸ್ಪಂದಿಸಿತು, ಕೊಂಬೆಗಳು ತಾಪಮಾನಕ್ಕೆ ಸ್ಪಂದಿಸಿದವು, ಮತ್ತು ಆಮ್ಲತೆಯ ವಿಶಾಲ ವ್ಯಾಪ್ತಿಯಲ್ಲಿ ಬೇರ್ಪಡುವ ಗುಣ ಉಳಿಯಿತು. ಹಾಕಿದ ಪದಾರ್ಥಗಳು ಎರಡರಲ್ಲೂ ಒಂದೇ. ಅವುಗಳನ್ನು ಎಲ್ಲೆಲ್ಲಿ ಕೂರಿಸಲಾಗಿದೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ಒಂದು ಕೊಂಬೆಯೊಳಗೆ ಐಸೊಪ್ರೊಪೈಲ್ ಗುಂಪುಗಳು ಅಡೆತಡೆಯಿಲ್ಲದೆ ಅಕ್ಕಪಕ್ಕದಲ್ಲಿರುವುದರಿಂದ ಅವು ತಮ್ಮಷ್ಟಕ್ಕೆ ಶುದ್ಧ ಪಿನಿಪ್ಯಾಮಿನಂತೆಯೇ ನಡೆದುಕೊಳ್ಳುತ್ತವೆ.

ನೀರನ್ನು ಪ್ರೀತಿಸುವ ಕಾಂಡ, ಶಾಖಕ್ಕೆ ಮುದುಡುವ ಕೊಂಬೆಗಳು ಎಂಬ ಈ ವಿನ್ಯಾಸದಲ್ಲಿ ದ್ರಾವಣ ಎಷ್ಟು ಮಂದವಾಗಿದೆ ಎಂಬುದರ ಮೇಲೆ ಫಲಿತಾಂಶ ಪೂರ್ತಿ ಬದಲಾಗುತ್ತದೆ. ತೆಳು ದ್ರಾವಣದಲ್ಲಿ ಒಂದೇ ಕಾಂಡದ ಕೊಂಬೆಗಳು ಹತ್ತಿರ ಸರಿದು ಪುಟ್ಟ ಗಂಟುಗಳಾಗುತ್ತವೆ, ಕಾಂಡ ಆ ಗಂಟುಗಳ ನಡುವೆ ಕುಣಿಕೆಯಾಗಿ ಬಾಗುತ್ತದೆ. ಮಂದ ದ್ರಾವಣದಲ್ಲಿ ಒಂದು ಕಾಂಡದ ಕೊಂಬೆಗೆ ಪಕ್ಕದ ಕಾಂಡದ ಕೊಂಬೆಯೇ ಹತ್ತಿರದ ನೆಂಟ. ಅವೆರಡೂ ಅಂಟಿಕೊಂಡಾಗ ಗಂಟುಗಳು ಬೇರೆ ಬೇರೆ ಕಾಂಡಗಳನ್ನು ಹೆಣೆದು ಬಲೆಯಾಗಿಸುತ್ತವೆ. ಎಣ್ಣೆ, ಜೇನು, ಪಾಕ ಎಲ್ಲವೂ ಬಿಸಿಯಾದರೆ ತೆಳುವಾಗಿ ಹರಿಯುತ್ತವೆ, ಆದರೆ ಈ ದ್ರಾವಣ ಬಿಸಿಯಾದಂತೆ ಗಟ್ಟಿಯಾಗುತ್ತ ಹೋಗಿ, ಕೆಲವೊಮ್ಮೆ ಪಾತ್ರೆಯನ್ನು ಮಗುಚಿದರೂ ಬೀಳದ ಜೆಲ್ ಆಗುತ್ತದೆ. ಪ್ಯಾರಿಸ್‌ನಲ್ಲಿ ದೊಮಿನಿಕ್ ಊರ್ದೆ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಪಾಲಿಅಕ್ರಿಲಿಕ್ ಆಮ್ಲದ ಕಾಂಡಕ್ಕೆ, ನೀರಿನಲ್ಲಿ ಕರಗುವ ಇನ್ನೊಂದು ಪಾಲಿಮರ್ ಆದ ಪಾಲಿಎಥಿಲೀನ್ ಆಕ್ಸೈಡಿನ ಕೊಂಬೆಗಳನ್ನು ಕಟ್ಟಿ ತೋರಿಸಿದ್ದರು. ಆ ಕೊಂಬೆಗಳ ಬೇರ್ಪಡುವ ತಾಪಮಾನ ಬರಿಯ ನೀರಿನಲ್ಲಿ ನೂರು ಡಿಗ್ರಿಗೆ ಸಮೀಪವಿರುವುದರಿಂದ ಅದನ್ನು ಕೆಳಗಿಳಿಸಲು ಲವಣ ಸೇರಿಸಬೇಕಾಗಿತ್ತು. ತಣ್ಣಗಿರುವಾಗ ಸಿರಿಂಜಿನ ಸೂಜಿಯಲ್ಲಿ ಸಲೀಸಾಗಿ ಹರಿದು ಮೈಯೊಳಗೆ ಹೋದ ಮೇಲೆ ಗಟ್ಟಿಯಾಗುವ ಔಷಧಿ ಜೆಲ್‌ಗಳ ಹಿಂದಿರುವುದೂ ಇದೇ ಬಗೆಯ ತತ್ವ. ಅವುಗಳಿಗಾಗಿ ಸಿಗಡಿಯ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಕಾಂಡಕ್ಕೆ ಪಿನಿಪ್ಯಾಮ್ ಕೊಂಬೆಗಳನ್ನು ಕಟ್ಟುವ ಪ್ರಯತ್ನಗಳು ಹಲವು ನಡೆದಿವೆ.

ಕಾಂಡವನ್ನೂ ಕೊಂಬೆಯನ್ನೂ ಅದಲುಬದಲು ಮಾಡಿದರೆ ಇನ್ನೊಂದೇ ಲೋಕ ತೆರೆದುಕೊಳ್ಳುತ್ತದೆ. ಚಿ ವು ಅವರು ಶಿಂಗ್‌ಪಿಂಗ್ ಚಿಯು ಅವರೊಂದಿಗೆ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಂಡ ಪಿನಿಪ್ಯಾಮಿನದು, ಕೊಂಬೆಗಳು ಪಾಲಿಎಥಿಲೀನ್ ಆಕ್ಸೈಡಿನವು. ಬಿಸಿಯಾದಾಗ ಕಾಂಡ ಮುದುಡಿ ಒಳಗಿನ ತಿರುಳಾಗುತ್ತದೆ. ನೀರಿನಲ್ಲಿ ಕರಗಿಯೇ ಇರುವ ಕೊಂಬೆಗಳು ಹೊರಕ್ಕೆ ತಳ್ಳಲ್ಪಟ್ಟು ಸುತ್ತ ಕವಚವಾಗುತ್ತವೆ. ಈ ಕವಚಗಳು ಒಂದನ್ನೊಂದು ಹತ್ತಿರ ಬರಗೊಡುವುದಿಲ್ಲವಾದ್ದರಿಂದ, ಮೇಲೆ ಹೇಳಿದ ಎರಡು ಘಟನೆಗಳಲ್ಲಿ ಮೊದಲನೆಯದು ನಡೆದು ಎರಡನೆಯದು ತಡೆಯಲ್ಪಡುತ್ತದೆ. ದ್ರಾವಣ ಬೆಳ್ಳಗಾಗಿ ತಳ ಸೇರುವ ಬದಲು ನ್ಯಾನೊಮೀಟರ್ ಅಳತೆಯ ಕಣಗಳು ನೀರಿನಲ್ಲಿ ತೇಲಿಕೊಂಡೇ ಇರುತ್ತವೆ. ಕೊಂಬೆಗಳು ತೀರಾ ವಿರಳವಾಗಿದ್ದರೆ ಮಾತ್ರ ಕವಚ ಸಾಲದೆ ಹಲವು ಸರಪಳಿಗಳು ಕೂಡಿ ದೊಡ್ಡ ಕಣಗಳಾಗುತ್ತವೆ.

ಔಷಧ ಕಾರ್ಖಾನೆಗಳಲ್ಲಿ ಈಗಾಗಲೇ ಬಳಕೆಗೆ ಬಂದಿರುವ ಕಸಿ ಪಾಲಿಮರ್ ಎಂದರೆ ಬಿಎಎಸ್‌ಎಫ್ ಕಂಪನಿಯ ಸೊಲುಪ್ಲಸ್. ಅದರಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಕಾಂಡಕ್ಕೆ ವಿನೈಲ್ ಕ್ಯಾಪ್ರೊಲ್ಯಾಕ್ಟಮ್ ಮತ್ತು ವಿನೈಲ್ ಅಸಿಟೇಟ್ ಸೇರಿದ ಕೊಂಬೆಗಳನ್ನು ಬೆಳೆಸಲಾಗಿದೆ. ನೀರಿನಲ್ಲಿ ಕರಗಲು ಹಟ ಮಾಡುವ ಔಷಧಿಗಳನ್ನು ಕೊಂಬೆಗಳ ತಿರುಳು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಇದರ ದ್ರಾವಣ ಸುಮಾರು 40 ಡಿಗ್ರಿಯಲ್ಲಿ ಮಬ್ಬಾಗುತ್ತದೆ, ಅಂದರೆ ಮೈಶಾಖಕ್ಕಿಂತ ಸ್ವಲ್ಪವೇ ಮೇಲೆ.

ಈ ಗಡಿ ತಾಪಮಾನ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಉಪ್ಪು ಸೇರಿಸಿದರೆ ಅದು ಕೆಳಗಿಳಿಯುತ್ತದೆ, ಏಕೆಂದರೆ ಉಪ್ಪಿನ ಅಯಾನುಗಳು ಪಾಲಿಮರಿನ ಸುತ್ತಲಿನ ನೀರಿನ ಏರ್ಪಾಟನ್ನು ಕೆಡಿಸುತ್ತವೆ. ಸಲ್ಫೇಟ್ ಈ ಕೆಲಸವನ್ನು ಕ್ಲೋರೈಡಿಗಿಂತ ಬಹಳ ಜೋರಾಗಿ ಮಾಡುತ್ತದೆ. ದೇಹದ ದ್ರವಗಳಲ್ಲಿ ಉಪ್ಪು ಇದ್ದೇ ಇರುವುದರಿಂದ, ಬಟ್ಟಿ ಇಳಿಸಿದ ನೀರಿನಲ್ಲಿ ಅಳೆದ ಸಂಖ್ಯೆಯನ್ನು ಹಾಗೆಯೇ ವೈದ್ಯಕೀಯ ಬಳಕೆಗೆ ಒಯ್ಯುವುದು ತಪ್ಪಾಗುತ್ತದೆ. ಮೆಥನಾಲಿನ ನಡತೆ ಇನ್ನೂ ವಿಚಿತ್ರ: ಬರಿಯ ನೀರಿನಲ್ಲೂ ಬರಿಯ ಮೆಥನಾಲಿನಲ್ಲೂ ಕೋಣೆಯ ಉಷ್ಣತೆಯಲ್ಲಿ ಸುಖವಾಗಿ ಕರಗುವ ಪಿನಿಪ್ಯಾಮ್ ಅವೆರಡರ ಕೆಲವು ಮಿಶ್ರಣಗಳಲ್ಲಿ ಅದೇ ಉಷ್ಣತೆಯಲ್ಲಿ ಬೇರ್ಪಡುತ್ತದೆ, ಮತ್ತು ಇದರ ಕಾರಣದ ಬಗ್ಗೆ ತಜ್ಞರ ನಡುವೆ ಇಂದಿಗೂ ಚರ್ಚೆ ನಿಂತಿಲ್ಲ. ಕಸಿ ಪಾಲಿಮರ್‌ಗಳಲ್ಲಿ ಇವುಗಳ ಜೊತೆಗೆ ಕೊಂಬೆಯ ಉದ್ದ, ಕಾಂಡದ ಮೇಲಿನ ದಟ್ಟಣೆ, ಕಾಂಡದ ಆವೇಶ ಇವೂ ಸೇರಿಕೊಳ್ಳುತ್ತವೆ. ಕೊಂಬೆ ತೀರಾ ಗಿಡ್ಡವಾಗಿದ್ದರೆ ಪಕ್ಕದ ಜಲಸ್ನೇಹಿ ಕಾಂಡ ಅದನ್ನು ನೀರಿನ ಕಡೆಗೇ ಎಳೆದು ಗಡಿಯನ್ನು ಮೇಲಕ್ಕೆತ್ತುತ್ತದೆ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ, ಏಕೆಂದರೆ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಪ್ರಕಟಿತ ಲೇಖನಗಳಲ್ಲಿಯೂ ಈ ಗೊಂದಲ ಮತ್ತೆ ಮತ್ತೆ ಕಾಣುತ್ತದೆ. ದ್ರಾವಣ ಮಬ್ಬಾಗುವ ತಾಪಮಾನವನ್ನು ಅಳೆದು ಅದನ್ನೇ ಎಲ್‌ಸಿಎಸ್‌ಟಿ ಎಂದು ಬರೆಯುವುದು ಸರಿಯಲ್ಲ. ಮಬ್ಬುಬಿಂದು ಆಯಾ ಮಂದತೆಗೆ ಸೇರಿದ್ದು, ಎಲ್‌ಸಿಎಸ್‌ಟಿ ಇಡೀ ನಕ್ಷೆಯ ಕೆಳತುದಿ. ತಿರುಳು-ಕವಚದ ಕಣಗಳಾಗುವ ಕಸಿ ಪಾಲಿಮರ್‌ಗಳಲ್ಲಿ ಮಬ್ಬನ್ನಷ್ಟೇ ನೋಡುತ್ತ ಕುಳಿತರೆ ಏನೂ ನಡೆಯಲಿಲ್ಲವೆಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ, ಒಳಗೆ ಕಾಂಡ ಪೂರ್ತಿ ಮುದುಡಿದ್ದರೂ ಹೊರಗೆ ಮಬ್ಬು ಕಾಣಿಸದೇ ಇರಬಹುದು. ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರವನ್ನೂ ಕ್ಯಾಲೊರಿಮಾಪಕದಿಂದ ಹೀರಿದ ಶಾಖವನ್ನೂ ಜೊತೆಗಿಟ್ಟು ನೋಡಿದಾಗಲೇ ನಿಜ ತಿಳಿಯುತ್ತದೆ. ಬಿಸಿ ಮಾಡುವ ವೇಗವೂ ಲೆಕ್ಕಕ್ಕೆ ಬರುತ್ತದೆ. ತಣಿಸುವಾಗ ಪಿನಿಪ್ಯಾಮ್ ಬಿಚ್ಚಿಕೊಳ್ಳುವುದು ಸ್ವಲ್ಪ ತಡವಾಗಿ, ಏಕೆಂದರೆ ಮುದುಡಿದ ಸ್ಥಿತಿಯಲ್ಲಿ ಅಮೈಡ್ ಗುಂಪುಗಳು ತಮ್ಮತಮ್ಮೊಳಗೆ ಕಟ್ಟಿಕೊಂಡ ಹೈಡ್ರೋಜನ್ ಬಂಧಗಳು ಮೊದಲು ಬಿಡಬೇಕು. ಸಾರಜನಕದ ಮೇಲೆ ಜಲಜನಕವೇ ಇಲ್ಲದ ಪಾಲಿವಿನೈಲ್ ಕ್ಯಾಪ್ರೊಲ್ಯಾಕ್ಟಮ್ ಎಂಬ ಇಂಥದೇ ಇನ್ನೊಂದು ಪಾಲಿಮರಿನಲ್ಲಿ ಈ ತಡ ಅಷ್ಟಾಗಿ ಕಾಣುವುದಿಲ್ಲ.

ಜೋಡಣೆಯ ಮಹತ್ವಕ್ಕೆ ನನಗೆ ಅತ್ಯಂತ ಇಷ್ಟವಾದ ಸಾಕ್ಷಿ ಜಪಾನಿನದು. 1995ರಲ್ಲಿಯೇ, ನೇಚರ್ ಪತ್ರಿಕೆಯಲ್ಲಿಯೇ, ರಿಯೊ ಯೊಶಿದಾ, ತೆರುವೊ ಒಕಾನೊ ಮತ್ತು ಸಹೋದ್ಯೋಗಿಗಳು ಬಾಚಣಿಗೆಯ ಆಕಾರದ ಜೆಲ್ ಒಂದನ್ನು ವರದಿ ಮಾಡಿದರು. ಕಾಂಡಗಳ ಬಲೆಯೂ ಪಿನಿಪ್ಯಾಮ್, ಅದಕ್ಕೆ ಕಟ್ಟಿದ ಕೊಂಬೆಗಳೂ ಪಿನಿಪ್ಯಾಮ್. ಬೇರೆ ವಸ್ತುವಿನ ಬೆರಕೆಯೇ ಇಲ್ಲ. ಕೊಂಬೆಯ ಒಂದು ತುದಿ ಬಲೆಗೆ ಅಂಟಿದೆ, ಇನ್ನೊಂದು ತುದಿ ಬಿಡುವಾಗಿದೆ. ಕೊಂಬೆಗಳಿಲ್ಲದ ಸಾಮಾನ್ಯ ಜೆಲ್ ಬಿಸಿಯಾದಾಗ ಮೊದಲು ಅದರ ಹೊರಮೈ ಕುಗ್ಗಿ, ನೀರು ದಾಟದಂಥ ತೊಗಲಾಗಿಬಿಡುತ್ತದೆ. ಒಳಗಿನ ನೀರು ಸಿಕ್ಕಿಹಾಕಿಕೊಂಡು, ಜೆಲ್ ಪೂರ್ತಿ ಕುಗ್ಗಲು ಒಂದು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಬಾಚಣಿಗೆ ಜೆಲ್ ಅದೇ ಕುಗ್ಗುವಿಕೆಯನ್ನು ಸುಮಾರು 20 ನಿಮಿಷಗಳಲ್ಲಿ ಮುಗಿಸಿತು. ತುದಿ ಬಿಡುವಾಗಿರುವ ಕೊಂಬೆಗಳು ಬಲೆಗಿಂತ ಬೇಗ ಮುದುಡಿ ಜೆಲ್ಲಿನ ಒಳಗೆಲ್ಲ ಗಂಟುಗಳಾಗುತ್ತವೆ, ಆ ಗಂಟುಗಳು ಬಲೆಯನ್ನು ಒಳಗಿನಿಂದಲೇ ಎಳೆಯುತ್ತವೆ, ತೊಗಲು ಕಟ್ಟುವುದರೊಳಗೆ ನೀರು ಹೊರಬಿದ್ದಿರುತ್ತದೆ.

ಒಕಾನೊ ಅವರ ಹೆಸರು ಇನ್ನೂ ಪ್ರಸಿದ್ಧವಾಗಿರುವುದು ಕಸಿಯ ಇನ್ನೊಂದು ರೂಪದಿಂದ. ಟೋಕಿಯೊ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಜೀವಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯ ತಳಕ್ಕೇ ಎಲೆಕ್ಟ್ರಾನ್ ಕಿರಣದ ನೆರವಿನಿಂದ ಪಿನಿಪ್ಯಾಮನ್ನು ಕಸಿ ಮಾಡಿತು. ಇಲ್ಲಿ ಕಾಂಡವೆಂದರೆ ತಟ್ಟೆಯೇ. ಪದರದ ದಪ್ಪ 20 ನ್ಯಾನೊಮೀಟರಿನ ಆಸುಪಾಸಿನಲ್ಲಿರಬೇಕು. 30 ದಾಟಿದರೆ ತಟ್ಟೆಗೆ ಅಂಟಿದ ತಳಭಾಗದ ಬಿಗಿ ಮೇಲ್ಭಾಗಕ್ಕೆ ತಲುಪದೆ, 37 ಡಿಗ್ರಿಯಲ್ಲೂ ಪದರ ನೀರನ್ನು ಹಿಡಿದುಕೊಂಡೇ ಇದ್ದು ಕೋಶಗಳು ಅಂಟಲೇ ಒಪ್ಪುವುದಿಲ್ಲ. ಸರಿಯಾದ ದಪ್ಪವಿದ್ದರೆ 37 ಡಿಗ್ರಿಯಲ್ಲಿ ಕೋಶಗಳು ಅಂಟಿ, ಹರಡಿ, ಒಂದಕ್ಕೊಂದು ಹೆಣೆದುಕೊಂಡು ಹಾಳೆಯಾಗುತ್ತವೆ. ಸಾಮಾನ್ಯ ತಟ್ಟೆಯಿಂದ ಅವನ್ನು ಬಿಡಿಸಲು ಟ್ರಿಪ್ಸಿನ್ ಎಂಬ ಕಿಣ್ವ ಹಾಕಬೇಕು, ಅದು ಕೋಶಗಳ ನಡುವಿನ ಹೆಣಿಗೆಯನ್ನೂ ಕತ್ತರಿಸಿ ಹಾಕುತ್ತದೆ. ಕಸಿ ಮಾಡಿದ ತಟ್ಟೆಯನ್ನು 20 ಡಿಗ್ರಿಗೆ ತಣಿಸಿದರೆ ಸಾಕು: ಪಿನಿಪ್ಯಾಮ್ ನೀರು ಕುಡಿದು ಉಬ್ಬುತ್ತದೆ, ಅಂಚಿನಿಂದ ಆರಂಭಿಸಿ ಹಾಳೆ ಮೆಲ್ಲಗೆ ಎದ್ದು, ಹೆಣಿಗೆ ಕೆಡದೆ, ತಳದ ಅಂಟೂ ಉಳಿದುಕೊಂಡು ಒಂದೇ ತುಂಡಾಗಿ ಬಿಟ್ಟುಬರುತ್ತದೆ. 2004ರಲ್ಲಿ ಕೊಹ್ಜಿ ನಿಶಿದಾ ಮತ್ತು ಸಂಗಡಿಗರು ಎರಡೂ ಕಣ್ಣುಗಳ ಮೇಲ್ಮೈ ಹಾಳಾಗಿದ್ದ ನಾಲ್ವರು ರೋಗಿಗಳ ಬಾಯೊಳಗಿನ ಕೋಶಗಳನ್ನು ಇಂಥ ತಟ್ಟೆಯಲ್ಲಿ ಬೆಳೆಸಿ, ತಣಿಸಿ, ಎತ್ತಿ, ಅವರವರ ಕಣ್ಣಿನ ಮೇಲೆ ಹೊದಿಸಿದ್ದನ್ನು ಪ್ರಕಟಿಸಿದರು. ಹಾಳೆಯ ತಳದಲ್ಲಿ ಅಂಟು ಹಾಗೆಯೇ ಉಳಿದಿದ್ದರಿಂದ ಅದು ಕೆಲವೇ ನಿಮಿಷಗಳಲ್ಲಿ ಕಣ್ಣಿಗೆ ಹತ್ತಿಕೊಂಡಿತು, ಹೊಲಿಗೆ ಹಾಕಬೇಕಾಗಲಿಲ್ಲ.